ಭಾವನ ಹೆಬ್ಬೆರಳು

ಮಾರ್ಚ್ ೯, ಭಾನುವಾರ.

ಇಡೀ ಊರಿಗೆ ಗಾಳ ಹಾಕುವುದನ್ನು ಕಲಿಸಿದವನು ನಾನು, ಭಾವನಿಗೆ ಕಲಿಸುವುದು ಯಾವ ಮಹಾ? ಆದರೂ ಇವತ್ತು ನಡೆದದ್ದು ತಲೆಯಿಂದ ಹೋಗುತ್ತಿಲ್ಲ.

ಲಕ್ವ ಹೊಡೆದ ಮೇಲೆ ಅವರ ಬಲಗೈ ಈಗಷ್ಟೇ ಏಳುತ್ತಿದೆ. ಗಾಳಕ್ಕೆ ಈ ಹೊಸ ರೀಲು ಕೊಂಡಿದ್ದೂ ಬೆರಳಿಗೆ ವ್ಯಾಯಾಮವಾಗಲೆಂದೇ. ಎಸೆದಾಗ ಗಿರ್ರನೆ ತಿರುಗುವ ಉರುಳೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ತಡೆಯಬೇಕು. ತಪ್ಪಿದರೆ ದಾರವೆಲ್ಲ ಗೋಜಲು. ವಾರವಿಡೀ ಹಿತ್ತಲಲ್ಲಿ ಅಭ್ಯಾಸ ಮಾಡಿ, ಇವತ್ತು ತೋರಿಸಲೆಂದು ಅಕ್ಕನನ್ನೂ ಕೆರೆಗೆ ಕರೆತಂದಿದ್ದರು. ನಾನು ತಮಾಷೆಗೆ, ಅವರಿಗೆ ಕಾಣದಂತೆ, ಉರುಳೆ ಅತಿಯಾಗಿ ಓಡದಂತೆ ಹಿಡಿಯುವ ಬ್ರೇಕಿನ ತಿರುಪನ್ನು ಪೂರ್ತಿ ಸಡಿಲಿಸಿಟ್ಟೆ.

ಎಸೆದರು. ರೀಲಿನ ಮೇಲೆ ದಾರದ ಗುಬ್ಬಿಗೂಡೇ ಎದ್ದಿತು.

"ಏನ್ ಭಾವ, ಮೀನಿಗೆ ಸ್ವೆಟರ್ ಹೆಣೀತಿದ್ದೀರಾ?" ಎಂದೆ. ಅಕ್ಕನೂ ನಕ್ಕಳು.

ಬಿಡಿಸಿ ಇನ್ನೊಮ್ಮೆ ಎಸೆದರು. ಮತ್ತೂ ಅದೇ ಪಾಡು. ಹೆಬ್ಬೆರಳನ್ನೇ ನೋಡುತ್ತ ನಿಂತರು. "ಇದು ಸತ್ತೇ ಹೋಗಿದೆ ಕಣೋ. ತಗೋ, ಇನ್ನು ನೀನೇ ಇಟ್ಕೋ," ಎಂದು ಗಾಳವನ್ನು ನನ್ನ ಕೈಗಿಟ್ಟರು. ಸಂಜೆ ಊಟಕ್ಕೆ ಚಮಚವನ್ನೂ ಮುಟ್ಟಲಿಲ್ಲ. ಅಕ್ಕನೇ ತಿನ್ನಿಸಿದಳು.

ಹೇಳಿಬಿಡೋಣವೆಂದು ಅವರ ಕೋಣೆಯ ಬಾಗಿಲವರೆಗೆ ಹೋಗಿ ಬಂದೆ. ಹೇಳಿದರೆ ಅಕ್ಕ ಮತ್ತೆ ನನ್ನ ಮುಖ ನೋಡುತ್ತಾಳೆಯೇ?

ರೀಲು ಇಲ್ಲೇ ಮೇಜಿನ ಮೇಲಿದೆ. ತಿರುಪನ್ನು ಅವರು ಇಟ್ಟಿದ್ದಷ್ಟೇ ಬಿಗಿ ಮಾಡಿದ್ದೇನೆ. ಈಗ ಯಾರು ಬಂದು ನೋಡಿದರೂ ತಪ್ಪು ಹೆಬ್ಬೆರಳಿನದೇ.