ನಮ್ಮ ದೊಡ್ಡಮ್ಮ ‘ಪತ್ತೆಯಾಗಿಲ್ಲ’ವಂತೆ

ಮನೆಗೆಲಸದವರ ಪೂರ್ವಾಪರ ಪರಿಶೀಲಿಸುವ ವಿಭಾಗದ ಮಾನ್ಯ ಅಧಿಕಾರಿಗಳೇ,

ಎರಡು ವರ್ಷದಿಂದ ನನ್ನ ಮಗನನ್ನು ಎತ್ತಿ ಆಡಿಸಿದ ಹೆಂಗಸು ನಮ್ಮ ಬೀದಿಯಲ್ಲಿ ಇಲ್ಲವೇ ಇಲ್ಲ ಎಂದು ತಾವು ಕಂಡುಹಿಡಿದಿದ್ದೀರಿ. ಅಭಿನಂದನೆಗಳು. ‘ವ್ಯಕ್ತಿ ಪತ್ತೆಯಾಗಿಲ್ಲ, ಮಾಹಿತಿ ಸುಳ್ಳು’ ಎಂಬ ತಮ್ಮ ವರದಿ ಬಂದಂದಿನಿಂದ ನಮ್ಮ ವಸತಿ ಸಮುಚ್ಚಯದ ಗೇಟಿನಲ್ಲಿ ಆಕೆಯನ್ನು ಒಳಗೆ ಬಿಡುತ್ತಿಲ್ಲ. ಮಗು ಆಕೆ ಬರುವ ಹೊತ್ತಿಗೆ ಬಾಗಿಲ ಬಳಿ ಹೋಗಿ ಕೂರುತ್ತದೆ. ನಾನಂತೂ ಕೂರಲಾರೆ, ನಿಲ್ಲಲಾರೆ. ಈ ಪತ್ರವನ್ನೂ ಅಡುಗೆಮನೆಗೂ ಬಾಗಿಲಿಗೂ ಓಡಾಡುತ್ತಲೇ ಬರೆಯುತ್ತಿದ್ದೇನೆ.

ವಿಚಾರಣೆಯೇ ಬೇಡವೆಂದು ನನ್ನ ವಾದವಲ್ಲ. ಇನ್ನೂ ಸರಿಯಾಗಿ ಮಾತು ಬಾರದ ಮಗುವನ್ನು ಇನ್ನೊಬ್ಬರ ಕೈಗೊಪ್ಪಿಸಿ ಹೋಗುವ ತಾಯಿಗೆ ಎದೆ ಢವಢವ ಎನ್ನದೆ ಇರುತ್ತದೆಯೇ? ಮನೆಗೆಲಸದವರ ವಿಚಾರಣೆ ಕಡ್ಡಾಯವೆಂಬ ಹೊಸ ನಿಯಮ ಬಂದೊಡನೆ ಅರ್ಜಿ ಹಾಕಿದವಳು ನಾನೇ. ಆದರೆ ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷಿಸುವವಳು. ಯಾರದೆಂದು ಖಾತ್ರಿಯಿಲ್ಲದ ರಕ್ತದ ವರದಿಯನ್ನು ನಾವು ಕಸದ ಬುಟ್ಟಿಗೆ ಹಾಕುತ್ತೇವೆ. ತಾವು ಅಂಥ ವರದಿಗೇ ಮೊಹರು ಒತ್ತಿ ಗೇಟಿಗೆ ಕಳಿಸುತ್ತೀರಿ.

ತಮ್ಮ ಪರೀಕ್ಷೆ ಹೇಗೆ ನಡೆಯಿತೆಂದು ಕೇಳಿ. ಸಮವಸ್ತ್ರ ತೊಟ್ಟು ಬಂದ ಪೇದೆಯವರು ಅರ್ಜಿಯಲ್ಲಿದ್ದ ಹೆಸರು ಹಿಡಿದು ಬೀದಿಯೆಲ್ಲ ವಿಚಾರಿಸಿದರು. "ಅಂಥ ಹೆಸರಿನೋರು ಇಲ್ಲಿ ಯಾರೂ ಇಲ್ಲ ಸಾರ್" ಎಂದರು ದಿನಸಿ ಅಂಗಡಿಯವರು. ಇಸ್ತ್ರಿಯವರೂ ತಲೆಯಾಡಿಸಿದರು. ತಮ್ಮ ಮಗಳಿಗೆ ಜ್ವರ ಏರಿದಾಗ ಗಾಬರಿಬಿದ್ದು ಆಕೆಯನ್ನೇ ಕೂಗಿ ಕರೆದಿದ್ದ ಪಕ್ಕದ ಮನೆಯ ಮೇಷ್ಟ್ರು ಕೂಡ ಗೊತ್ತಿಲ್ಲ ಎಂದರು. ಯಾರೂ ಸುಳ್ಳು ಹೇಳಲಿಲ್ಲ. ಇಡೀ ಬೀದಿಗೆ ಆಕೆ ದೊಡ್ಡಮ್ಮ. ಅರ್ಜಿ ಹಾಕುವತನಕ ಆಕೆಯ ಹೆಸರೇನೆಂದು ನನಗೂ ಗೊತ್ತಿರಲಿಲ್ಲ.

ಕೊನೆಗೆ ಪೇದೆಯವರು ನಮ್ಮ ಮನೆಯ ಬೆಲ್ ಒತ್ತಿದರು. ಬಾಗಿಲು ತೆರೆದವರು ಸಾಕ್ಷಾತ್ ದೊಡ್ಡಮ್ಮ, ಕಂಕುಳಲ್ಲಿ ನನ್ನ ಮಗ. ಆ ಹೆಸರಿನವರು ಇಲ್ಲಿದ್ದಾರೆಯೇ ಎಂದರೆ ಆಕೆಯೂ ಇಲ್ಲ ಎಂದುಬಿಟ್ಟರು! ಪೇದೆಯವರು ಆಕೆ ಕೊಟ್ಟ ನೀರು ಕುಡಿದು, ಆಕೆ ಇಲ್ಲವೆಂದು ಬರೆದುಕೊಂಡು ಹೋದರು.

ವಿಷಯ ತಿಳಿದು ನಾನು ರೇಗಿದೆ. "ಅಲ್ಲ ದೊಡ್ಡಮ್ಮ, ನಿಮ್ಮನ್ನೇ ಕೇಳಿದ್ರೆ ನೀವೇ ಇಲ್ಲ ಅಂದ್ರಲ್ಲ, ಏನು ಹೇಳೋಣ ನಿಮಗೆ?"

"ನನ್ನನ್ನ ಹೆಸರು ಹಿಡಿದು ಯಾರಮ್ಮ ಕೇಳ್ತಾರೆ? ಹಿಂದೆ ಒಂದು ಮನೇಲಿ ಸರ ಕಾಣ್ತಿಲ್ಲ ಅಂತ ಹೀಗೇ ಹೆಸರು ಕೇಳ್ಕೊಂಡು ಬಂದಿದ್ರು. ಇಡೀ ದಿನ ಸ್ಟೇಷನ್ನಲ್ಲಿ ಕೂರಿಸಿದ್ರು. ಸರ ಅವರ ಹಾಸಿಗೆ ಅಡೀಲೇ ಸಿಕ್ತು. ಈಗ ಮತ್ತೆ ಬಂದ್ರಲ್ಲಪ್ಪಾ ಅಂತ ಹೆದರಿ ಇಲ್ಲ ಅಂದ್ಬಿಟ್ಟೆ. ಮಗು ಬೇರೆ ಕೈಲಿತ್ತು, ಅದನ್ನ ಯಾರ ಹತ್ರ ಬಿಟ್ಟು ಹೋಗ್ಲಿ?"

ಆಮೇಲೆ ನಾನು ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ.

ಮಾನ್ಯರೇ, ಹಾಸಿಗೆಯನ್ನೂ ಎತ್ತಿ ನೋಡದೆ ದೂರು ಕೊಟ್ಟ ಆ ಮಹನೀಯರ ಪೂರ್ವಾಪರವನ್ನು ಯಾವ ವಿಭಾಗ ಪರಿಶೀಲಿಸಿತು? ಅವರ ಬಗ್ಗೆ ಯಾವ ಗೇಟಿಗೆ ವರದಿ ಹೋಯಿತು? ಹೋಗಲಿ, ನನ್ನದು? ನಾನು ಹೊತ್ತಿಗೆ ಸರಿಯಾಗಿ ಊಟ ಕೊಡುವವಳೋ, ಕೈ ಎತ್ತುವವಳೋ ಎಂದು ದೊಡ್ಡಮ್ಮನ ಪರವಾಗಿ ವಿಚಾರಿಸಲು ಒಂದು ನರಪಿಳ್ಳೆಯೂ ಬರಲಿಲ್ಲ.

ಸದ್ಯ ನಮ್ಮ ಯಜಮಾನರು ರಜೆ ಹಾಕಿ ಮಗುವಿಗೆ ಉಣಿಸುತ್ತಿದ್ದಾರೆ. ಅರ್ಧ ಊಟ ಗೋಡೆಯ ಪಾಲು, ಉಳಿದರ್ಧ ಅವರ ಅಂಗಿಯ ಪಾಲು. ಅವರ ರಜೆ ಈ ವಾರಕ್ಕೆ ಮುಗಿಯುತ್ತದೆ. ನಮ್ಮದು ಹೇಗೋ ನಡೆದೀತು. ತಾವು ಹಚ್ಚಿದ ‘ಸುಳ್ಳು’ ಎಂಬ ಹಣೆಪಟ್ಟಿ ಹೊತ್ತ ಹೆಂಗಸನ್ನು ಇನ್ನು ಯಾವ ಮನೆ ಸೇರಿಸಿಕೊಳ್ಳುತ್ತದೆ? ದೊಡ್ಡಮ್ಮನಿಗೆ ಫೋನ್ ಮಾಡಿದರೆ, "ಬೇರೆ ಯಾರನ್ನಾದ್ರೂ ನೋಡ್ಕೊಳ್ಳಮ್ಮ, ನನ್ನಿಂದ ನಿಮಗ್ಯಾಕೆ ತೊಂದರೆ" ಎನ್ನುತ್ತಾರೆ.

ಆದ್ದರಿಂದ ಆ ವರದಿಯನ್ನು ಕೂಡಲೇ ರದ್ದುಪಡಿಸಿ. ಮರುಪರಿಶೀಲನೆಗೆ ಬರುವವರು ಹೆಸರು ಕೇಳುವ ಮೊದಲು "ಏನೂ ಕಳೆದಿಲ್ಲ, ಹೆದರಬೇಡಿ" ಎಂದು ಹೇಳತಕ್ಕದ್ದೆಂದು ಆದೇಶ ಹೊರಡಿಸಿ. ಆಗ ದೊಡ್ಡಮ್ಮ ತಮ್ಮ ಹೆಸರನ್ನು ತಾವೇ ಹೇಳುತ್ತಾರೆ. ದನಿ ಹೊರಡದಿದ್ದರೆ ಪಕ್ಕದಲ್ಲಿ ಕೈ ಹಿಡಿದು ನಾನು ನಿಂತಿರುತ್ತೇನೆ.

ಇಂತಿ,
ಯಾರೂ ವಿಚಾರಿಸದ ಕಾರಣಕ್ಕೇ ಸಭ್ಯಳೆನಿಸಿಕೊಂಡಿರುವ ಒಬ್ಬ ತಾಯಿ