ದಿಂಡೋರಿಯ ಕೋರ್ಸು

ಛತ್ರಪತಿ ಸಂಭಾಜಿನಗರ

ಅಪ್ಪಾಜಿಯವರಿಗೆ ಮಂಜುಶ್ರೀಯ ಶರಣು ಶರಣಾರ್ಥಿ.

ಕಾಕಾನ ಮನ್ಯಾಗ ಆರಾಮ ಇದ್ದೀನ್ರಿ. ಬಿ.ಕಾಂ. ಕ್ಲಾಸು ಸುರು ಆಗ್ಯಾವ. ನಮ್ಮೂರ ಹತ್ರದ ದಿಂಡೋರಿ ಕಾಲೇಜಿನ್ಯಾಗ ನಾ ಮಾಡಿದ ಕೋರ್ಸು ಇಲ್ಲಿ ಲೆಕ್ಕಕ್ಕ ಬರೂದಿಲ್ಲಂತ. ಅಲ್ಲೇ ಡಿಗ್ರಿಗೆ ಸೇರಿದ್ರ ಒಂದು ವರ್ಷ ಉಳೀತಿತ್ತು.

ನಾ ಹನ್ನೊಂದನೇ ಕ್ಲಾಸಿನ್ಯಾಗ ಇದ್ದಾಗ ಆ ಐತವಾರದ ಕೋರ್ಸಿಗೆ ಹೆಸರು ಹಚ್ಚಿಸಿದವರು ನೀವೇರಿ. ದ್ರಾಕ್ಷಿ ಸಂಸ್ಕರಣಾ ಅಂದ್ರ ಒಣದ್ರಾಕ್ಷಿ ಮಾಡೂದು, ನಾಸಿಕದ ನಮ್ಮ ಅಂಗಡಿಗೆ ಉಪಯೋಗ ಆಗ್ತದ ಅಂದಿದ್ರಿ. ಅಲ್ಲಿ ಕಲಿಸೂದು ವೈನ್ ಅಂತ ಅವ್ವಗ ಹೇಳಿದ್ದೆ. ನಿಮಗ ಹೇಳಲಿಕ್ಕ ಅಕಿಗೂ ಧೈರ್ಯ ಆಗಲಿಲ್ಲ.

ಕೋರ್ಸಿನ ಕಡೀ ದಿನ ತಂದಿ-ತಾಯಿನೂ ಕರೆದಿದ್ರಲ್ಲ, ಆವಾಗ ಕಲಿಸೋ ಮೃದುಲಾ ಮೇಡಂ ಎಲ್ಲಾರ ಮುಂದ, "ಯಾವ ವೈನ್ ಕೆಡ್ತದ ಅಂತ ಈಕಿ ಮೂಗಿಗೆ ಮೊದಲ ಗೊತ್ತಾಗ್ತದ" ಅಂತ ಹೊಗಳಿದ್ರು. ನೀವು ಎದಿ ಮ್ಯಾಲಿನ ಲಿಂಗ ಮುಟ್ಟಿಕೊಂಡು ಎದ್ದು ಹೊರಗ ಹೋದ್ರಿ. ನಾ ಒಂದು ಹನಿನೂ ನಾಲಿಗಿಗೆ ಹಚ್ಚಿಲ್ರಿ, ಬರೇ ಮೂಸೀನಿ. ನೀವು ಕೇಳಲೇ ಇಲ್ಲ, ಹನ್ನೆರಡನೇದು ಮುಗೀತಿದ್ದಂಗ ಬಿ.ಕಾಂ. ಮಾಡು ಅಂತ ಇಲ್ಲಿಗೆ ಕಳಿಸಿದ್ರಿ.

ಮೇಡಂ ಅಲ್ಲಿ ಡಿಗ್ರಿಗೆ ಇನ್ನೂ ನನ್ನ ಸೀಟು ಹಿಡಿದಿಟ್ಟಾರ. ಫೋನ್ ಬಂದ್ರ, ಬ್ಯಾರೆಯವರಿಗೆ ಕೊಡ್ರಿ ಅಂತ ನೀವೇ ಹೇಳಿಬಿಡ್ರಿ. ನನಗ ಬಾಯಿ ಬರೂದಿಲ್ಲ. ಕೋರ್ಸಿನ ಲ್ಯಾಬಿಗೆ ಹಾಕ್ಕೋತಿದ್ದ ನನ್ನ ಬಿಳಿ ಕೋಟು ಕಪಾಟಿನ್ಯಾಗ ಅದ, ಅಂಗಡಿಯ ತಕ್ಕಡಿ ಒರಸಲಿಕ್ಕ ತಗೋರಿ.

ಕಾಕು ದಿನಾ ಮುಂಜಾನೆ ಇಡ್ಲಿ ಹಿಟ್ಟಿನ ಪಾತ್ರಿ ನನ್ನ ಮುಂದ ಹಿಡೀತಾರ, ಹುಳಿ ಬಂದದೇನು ನೋಡು ಅಂತ. ಮೂಸಿ ಹೇಳ್ತೀನ್ರಿ. ಇನ್ನೂ ಒಮ್ಮೆನೂ ತಪ್ಪಿಲ್ಲ.

ನಿಮ್ಮ ಮಗಳು,
ಮಂಜುಶ್ರೀ