ಬರೆದಾಗಲೆಲ್ಲ ಬರುವ ಮುಖ

ವೆಸ್ಟ್ ಮಾಂಬಲಂ, ಚೆನ್ನೈ
೧೮ ಜುಲೈ ೨೦೨೪

ಪ್ರೀತಿಯ ರತ್ನಾವತಿ ಅಕ್ಕನಿಗೆ ತಂಗಿ ಅನಸೂಯಳ ನಮಸ್ಕಾರ.

ಕೃಷ್ಣನ ದಯೆಯಿಂದ ಇಲ್ಲಿ ಎಲ್ಲರೂ ಎದ್ದು ಓಡಾಡಿಕೊಂಡಿದ್ದೇವೆ. ನೀನೂ ಭಾವನೂ ಹಾಗೇ ಇದ್ದೀರೆಂದು ನಂಬಿದ್ದೇನೆ. ಯುಗಾದಿಗೇ ಬರೆಯಬೇಕಾಗಿದ್ದ ಕಾಗದ ಇದು, ತಡವಾದದ್ದಕ್ಕೆ ಬೈಯಬೇಡ. ಫೋನಿನಲ್ಲಿ ಹೇಳೋಣವೆಂದು ನಾಲ್ಕು ಸಲ ಮಾಡಿದೆ. ಪ್ರತಿ ಸಲವೂ ಉಪ್ಪಿನಕಾಯಿಯ ಮಾತಾಡಿ ಇಟ್ಟುಬಿಟ್ಟೆ.

ಇವರ ಹೋಟೆಲು ನಡೆಯುತ್ತಿದೆ. ದೀಕ್ಷಿತನಿಗೆ ಕಾಲೇಜಿನ ಕೊನೆಯ ವರ್ಷ. ಮಗನೇ ಎಂದು ಕನ್ನಡದಲ್ಲಿ ಕರೆದರೆ, ಬಂದೆನಮ್ಮಾ ಎನ್ನದೆ "ವರೇನ್ಮಾ" ಎಂದು ತಮಿಳಿನಲ್ಲೇ ಓಗೊಡುತ್ತಾನೆ.

ನನ್ನ ಚಿತ್ರದ ಹುಚ್ಚು ನಿನಗೆ ಗೊತ್ತಲ್ಲ. ಹೋಟೆಲಿನ ಗೋಡೆಗೆ ನಾನು ಬರೆದ ಕೃಷ್ಣನನ್ನು ನೋಡಿ, ಊಟಕ್ಕೆ ಬರುವವರೊಬ್ಬರು ತೀರಿಹೋದ ತಾಯಿಯ ಮುಖ ಬರೆದುಕೊಡಿ ಎಂದರು. ಫೋಟೋ ಇರಲಿಲ್ಲ. ಅವರು ತಾಯಿಯ ಕಥೆ ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಆಮೇಲೆ ಫೋಟೋ ಇಲ್ಲದವರೆಲ್ಲ ಹುಡುಕಿಕೊಂಡು ಬರತೊಡಗಿದರು. ಮುದುಕರ ಮುಖ ಸರಿಯಾಗಿ ಬರುತ್ತದೆ ಅಕ್ಕ. ಮಕ್ಕಳದ್ದೇ ಬರುವುದಿಲ್ಲ.

ರಾಯಪುರಂನಿಂದ ಭಾಗ್ಯಂ ಎಂಬ ಮೀನು ಮಾರುವ ಹೆಂಗಸು ಬಂದಳು. ಸುನಾಮಿಯ ದಿನ ಅವಳ ಮೂರು ವರ್ಷದ ಮಗಳನ್ನೂ ಗುಡಿಸಲಿನಲ್ಲಿದ್ದ ಫೋಟೋಗಳನ್ನೂ ಸಮುದ್ರ ಒಟ್ಟಿಗೇ ಒಯ್ದಿತು. "ಮಾಮಿ, ನನ್ನ ಕಥೇಲಿ ಮೀನು ಬರುತ್ತೆ. ಬೇಕಾದರೆ ಮೂಗು ಮುಚ್ಚಿಕೊಂಡು ಕೇಳಿ" ಎಂದಳು.

"ಬಾಯಲ್ಲಿ ಹೇಳೋ ಮೀನು ನಾರೋದಿಲ್ಲ, ಹೇಳು" ಎಂದೆ.

ಮಗು ಹುರಿದ ಮೀನು ಕದ್ದು ಲಂಗದೊಳಗೆ ಬಚ್ಚಿಡುತ್ತಿತ್ತಂತೆ. ಕದ್ದಾಗ ಮೂಗು ಅರಳುತ್ತಿತ್ತಂತೆ.

ಮೂರು ದಿನ ಬರೆದೆ. ಭಾಗ್ಯಂ ಚಿತ್ರದ ತುಟಿಯ ಹತ್ತಿರ ಬೆರಳು ತಂದು ನಿಲ್ಲಿಸಿದಳು. ಆಮೇಲೆ ಮೆಲ್ಲಗೆ, "ಎನ್ ಪೊಣ್ಣು ಇಲ್ಲೆ ಮಾಮಿ. ನನ್ನ ಮಗಳಲ್ಲ. ಇದು ಇನ್ನೂ ಹಲ್ಲು ಬರದ ಕೂಸು. ಯಾರದ್ದು?" ಎಂದಳು.

ಮತ್ತೆ ಬರೆದೆ. ಅಗಲ ಹಣೆ, ಒಂದು ಹುಬ್ಬು ತುಸು ಕೆಳಗೆ, ಒಳಗೆಳೆದುಕೊಂಡ ಕೆಳತುಟಿ. ಅದೇ ಕೂಸು. ಹಿಂದೆ ಬೇರೆಯವರ ಮಕ್ಕಳಿಗೆಂದು ಬರೆದು, ಅವರು ಬೇಡವೆಂದು ಬಿಟ್ಟುಹೋದ ಹಾಳೆಗಳನ್ನು ತೆಗೆದು ನೋಡಿದೆ. ಎಲ್ಲದರಲ್ಲೂ ಅದೇ. ದೀಕ್ಷಿತ್ ಬಗ್ಗಿ ನೋಡಿ, "ಎಲ್ಲಾಂ ಒರೇ ಕೊಳಂದೆ, ಒಂದೇ ಮಗು. ಯಾರಮ್ಮಾ ಇದು?" ಎಂದ. ಒಲೆಯ ನೆಪ ಹೇಳಿ ಎದ್ದುಹೋದೆ. ಪೂಜೆಗೆ ಕೂತು ಕಣ್ಣು ಮುಚ್ಚಿದರೆ ಕೃಷ್ಣನ ಜಾಗದಲ್ಲಿ ಅದು ಬಂದು ಕೂರುತ್ತದೆ. ಅಳುವುದಿಲ್ಲ. ನನ್ನನ್ನೇ ನೋಡುತ್ತದೆ.

ಅದು ನಮ್ಮ ನಮಿತಾಳೇ ಅಕ್ಕ?

ಒಂಬತ್ತು ತಿಂಗಳು ಎತ್ತಿ ಆಡಿಸಿದ ನನ್ನ ಮಗಳ ಮುಖ ನನಗೆ ಮರೆತುಹೋಗಿದೆ. ಅವಳು ಹೋಗಿ ಇಪ್ಪತ್ತಾರು ವರ್ಷ. ಅವಳ ಭಾರ ಕೈಗೆ ನೆನಪಿದೆ, ಕೊನೆಯ ಜ್ವರದ ಬಿಸಿ ನೆನಪಿದೆ, ಮುಖವಿಲ್ಲ. ಬಾಣಂತನದಲ್ಲೂ ಆಮೇಲೂ ಅವಳನ್ನು ಮೀಯಿಸಿದವಳು ನೀನು. ಒಂದು ಹಾಳೆ ಇದರೊಳಗೆ ಇಟ್ಟಿದ್ದೇನೆ, ನೋಡಿ ಬರೆ. ಅವಳೇ ಆದರೆ ಆ ಚಿತ್ರದ ಮುಂದೆ ದೀಪ ಹಚ್ಚಿ, ಭಾಗ್ಯಂಳ ಮಗಳಿಗೆ ಜಾಗ ಬಿಡು ಪುಟ್ಟಿ ಎಂದು ಬೇಡಿಕೊಳ್ಳುತ್ತೇನೆ. ಭಾಗ್ಯಂ ಪ್ರತಿ ಶುಕ್ರವಾರ ಬಾಗಿಲಲ್ಲಿ ನಿಂತು, ಆಯಿತಾ ಎಂದು ಕೇಳಿ ಹೋಗುತ್ತಾಳೆ.

ನಿನ್ನ ಮಗಳು ಮಾಧವಿಗೆ ನನ್ನ ಆಶೀರ್ವಾದ. ಅವಳ ಹೊಟ್ಟೆಯಲ್ಲಿರುವ ಕೂಸು ಸುಖವಾಗಿ ಬರಲಿ, ದೇವರು ಅದಕ್ಕೆ ನೂರು ವರ್ಷ ಕೊಡಲಿ. ಹುಟ್ಟಿದ ದಿನವೇ ಫೋಟೋ ತೆಗೆಸಿ.

ನಿನ್ನ ತಂಗಿ,
ಅನಸೂಯ

ಹೇಳದೆ ಉಳಿದದ್ದು: ನಮಿತಾಳಿಗೆ ಆರು ತಿಂಗಳಾದಾಗ ಭಾವ ಕ್ಯಾಮರಾ ತಂದಿದ್ದರಲ್ಲ. ವರ್ಷ ತುಂಬುವ ಮೊದಲು ಫೋಟೋ ತೆಗೆದರೆ ಆಯುಷ್ಯ ಕಡಿಮೆಯಾಗುತ್ತದೆಂದು ನನ್ನ ಅತ್ತೆ ತಡೆದರು ಎಂದೇ ನೀವೆಲ್ಲ ನಂಬಿದ್ದೀರಿ. ಅತ್ತೆ ಒಳಗೆ ಮಗುವಿಗೆ ಹೊಸ ಅಂಗಿ ತೊಡಿಸಿ, ಕಾಡಿಗೆ ಹಚ್ಚುತ್ತಿದ್ದರು. ಹೆದರಿದವಳು ನಾನು. ಜಗಲಿಗೆ ಬಂದು, "ಅತ್ತೆ ಬೇಡ ಅಂತಾರೆ" ಎಂದು ಭಾವನಿಗೆ ಹೇಳಿದವಳೂ ನಾನೇ. ಮಗು ಹೋದ ಮೇಲೆ ನೀನು ಅತ್ತೆಗೆ, "ಒಂದು ಫೋಟೋವನ್ನೂ ಉಳಿಸಲಿಲ್ಲ ನೀವು" ಎಂದು ಎದುರೇ ಬೈದೆ. ಅವರು ನನ್ನ ಕಡೆ ನೋಡಿದರು. ನಾನು ಸುಮ್ಮನಿದ್ದೆ. ಸಾಯುವವರೆಗೂ ಅವರು ಯಾರಿಗೂ ಹೇಳಲಿಲ್ಲ. ಅಕ್ಕ, ಚಿತ್ರ ನೋಡಿ ನನ್ನ ಸಮಾಧಾನಕ್ಕೆಂದು ಹೌದು ಅನ್ನಬೇಡ. ಅವಳಲ್ಲದಿದ್ದರೆ ಅಲ್ಲ ಎಂದೇ ಬರೆ.